‘ಹಚ್ಚು’ ಅನ್ನುವ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಎಷ್ಟು? ಸರಿಯಾದ ಪದ ಆರಿಸುವವರಿಗೊಂದು ಹೋಲಿಕೆ

ಇಂಡಿ ತಾಲ್ಲೂಕಿನಿಂದ ಬಂದು ವಿಜಯಪುರದಲ್ಲಿ ರೂಮು ಮಾಡಿಕೊಂಡು ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಸಂಜೆ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. ‘ಮೇಡಂ, ನಾಲ್ಕೂ ಆಪ್ಶನ್ ಓದಿದ್ರ ನಾಲ್ಕೂ ಖರೇನ ಅನಸ್ತಾವ್ರಿ. ಹೆಂಗ ಆರಿಸೋದ್ರಿ?’ ಪ್ರಶ್ನೆಯ ವಾಕ್ಯ ಹೀಗಿತ್ತು: ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’. ಇದನ್ನು ಸುಧಾರಿಸಬೇಕು, ಇಲ್ಲವೇ ಇದ್ದದ್ದೇ ಸರಿ ಎನ್ನಬೇಕು.

‘ಇದನ್ನ ಮನ್ಯಾಗ ಅವ್ವಗ ಹೇಳೂವಂಗ ಹೇಳು’ ಎಂದೆ. ಆಕೆ ತಡಮಾಡಲಿಲ್ಲ. ‘ಎರಡು ವರ್ಷದಿಂದ ಇಲ್ಲೇ ಅದೀನಿ.’ ಹೇಳಿದ ಕೂಡಲೇ ಆಕೆಗೇ ಗೊತ್ತಾಯಿತು. ‘ಅದೀನಿ’ ಎಂಬುದು ‘ಆ್ಯಮ್’ ಆಗಿ ಕೂತಿದೆ, ‘ಇಂದ’ ಎಂಬುದು ‘ಸಿನ್ಸ್’ ಆಗಿ ಕೂತಿದೆ. ಆ ವಾಕ್ಯ ಇಂಗ್ಲಿಷ್ ಅಂಗಿ ತೊಟ್ಟ ನಮ್ಮ ಕನ್ನಡ. ಅದಕ್ಕೇ ಅದು ನಮ್ಮ ಕಿವಿಗೆ ಸರಿ ಅನಿಸುತ್ತದೆ, ಅದಕ್ಕೇ ತಪ್ಪು. ಸರಿಯಾದದ್ದು ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೂ ಇಯರ್ಸ್’.

ಇಂಗ್ಲಿಷ್ ಕಲಿಸುವವರು ಬಹಳಷ್ಟು ಮಂದಿ ‘ಇಂಗ್ಲಿಷಿನಲ್ಲೇ ಯೋಚಿಸಿ’ ಎನ್ನುತ್ತಾರೆ. ಹನ್ನೊಂದು ವರ್ಷ ಪಾಠ ಮಾಡಿದ ಮೇಲೆ ನಾನು ಆ ಮಾತನ್ನು ಬಿಟ್ಟಿದ್ದೇನೆ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದವರಿಗೆ ಅದು ಆಗದ ಮಾತು. ಎರಡು ಪದಗಳ ನಡುವೆ ಸಿಕ್ಕಿಬಿದ್ದಾಗ ಮೊದಲು ಕನ್ನಡವನ್ನೇ ಕೇಳಬೇಕು. ಆದರೆ ಯಾವ ವಿಷಯದಲ್ಲಿ ನಮ್ಮ ಕನ್ನಡ ನಂಬಿಕೆಗೆ ಅರ್ಹ, ಯಾವ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ ಎಂಬುದು ಮುಂಚೆಯೇ ಗೊತ್ತಿರಬೇಕು. ಕೆಳಗಿನ ಹೋಲಿಕೆಗಳನ್ನೆಲ್ಲ ಆ ಒಂದು ಕಣ್ಣಿನಿಂದಲೇ ಮಾಡಿದ್ದೇನೆ.

ಕನ್ನಡ ಕೈಹಿಡಿಯುವ ಕಡೆ

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಸರಿಯೋ, ‘ಐ ಹ್ಯಾವ್ ಟೂ ಬ್ರದರ್ಸ್’ ಸರಿಯೋ? ಇದನ್ನು ಕನ್ನಡದಿಂದ ಬಂದ ತಪ್ಪು ಎಂದು ಬೈಯುವವರುಂಟು. ನಾನು ಒಪ್ಪುವುದಿಲ್ಲ. ನಮ್ಮ ಕಡೆ ಈಗ ನಡೆಯುತ್ತಿರುವ ಕೆಲಸಕ್ಕೆ ‘ಆಕತ್ತ’ ಎಂಬ ಚೊಕ್ಕ ರೂಪವೇ ಇದೆ: ಮಾಡಾಕತ್ತೀನಿ, ಬರಿಯಾಕತ್ತೀನಿ, ಉಣ್ಣಾಕತ್ತೀನಿ. ಹಾಗಿದ್ದರೂ ‘ನನಗ ಇಬ್ರು ತಮ್ಮಂದ್ರು ಇರಾಕತ್ತಾರ’ ಎಂದು ಯಾರಾದರೂ ಅಂದದ್ದು ಕೇಳಿದ್ದೀರಾ? ‘ಇಬ್ರು ತಮ್ಮಂದ್ರು ಅದಾರ’ ಎನ್ನುತ್ತೇವೆ. ಅಲ್ಲಿ ‘ಆಕತ್ತ’ ಬರುವುದಿಲ್ಲ, ಇಂಗ್ಲಿಷಿನಲ್ಲಿ ‘ಇಂಗ್’ ಕೂಡ ಬರುವುದಿಲ್ಲ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂಬುದನ್ನು ಕನ್ನಡದಲ್ಲಿ ಹೇಳಿ: ‘ಉಣ್ಣಾಕತ್ತೀನಿ’. ಅಲ್ಲಿ ‘ಆಕತ್ತ’ ಬಂತು, ‘ಹ್ಯಾವಿಂಗ್’ ಸರಿಯಾಯಿತು. ‘ಐ ಆ್ಯಮ್ ನೋಯಿಂಗ್ ಹಿಮ್’ ಎಂಬುದಕ್ಕೂ ಇದೇ ಪರೀಕ್ಷೆ. ‘ಅಂವ ನನಗ ಗೊತ್ತದಾನ’ ಎನ್ನುತ್ತೇವೆಯೇ ಹೊರತು ಬೇರೆ ರೀತಿ ಹೇಳುವುದಿಲ್ಲ. ಆದ್ದರಿಂದ ‘ಐ ನೋ ಹಿಮ್’.

ಈ ಪರೀಕ್ಷೆ ಕೈಕೊಡುವುದು ಕಣ್ಣು ಕಿವಿಗಳ ವಿಷಯದಲ್ಲಿ. ‘ನನಗ ಬೋರ್ಡ್ ಕಾಣಾಕತ್ತೈತಿ’, ‘ಧ್ವನಿ ಕೇಳಾಕತ್ತೈತಿ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷ್ ಅಲ್ಲಿ ‘ಇಂಗ್’ ಒಪ್ಪದೆ ‘ಕ್ಯಾನ್’ ಕೇಳುತ್ತದೆ: ‘ಐ ಕ್ಯಾನ್ ಸೀ ದ ಬೋರ್ಡ್’, ‘ಐ ಕ್ಯಾನ್ ಹಿಯರ್ ಯು’. ಇದೊಂದನ್ನು ನೆನಪಿಟ್ಟರೆ ಉಳಿದ ಕಡೆ ‘ಆಕತ್ತ’ವನ್ನು ಬಹುಮಟ್ಟಿಗೆ ನಂಬಬಹುದು.

ಇನ್ನೊಂದು ಜೋಡಿ ‘ರೈಜ್’ ಮತ್ತು ‘ರೇಜ್’. ಪ್ರತಿ ವರ್ಷದ ಹುಡುಗರೂ ಇಲ್ಲಿ ಎಡವುತ್ತಾರೆ. ಆದರೆ ಕನ್ನಡದಲ್ಲಿ ಇದು ಚಿಕ್ಕ ಮಗುವಿಗೂ ಬರುವ ಭೇದ: ಏರು, ಏರಿಸು. ಆಲಮಟ್ಟಿಯಲ್ಲಿ ಮಳೆಗಾಲಕ್ಕೆ ನೀರು ಏರುತ್ತದೆ. ಅದು ತಾನಾಗಿ ಆಗುವುದು, ಹಾಗಾಗಿ ‘ದ ವಾಟರ್ ರೈಜಸ್’, ನಿನ್ನೆಯ ಮಾತಾದರೆ ‘ರೋಜ್’. ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಮ್ಮ ಜಿಲ್ಲೆಗಳಲ್ಲಿ ವರ್ಷಗಳಿಂದ ನಡೆದಿದೆ. ಅದು ಯಾರೋ ಮಾಡಬೇಕಾದ ಕೆಲಸ, ಹಾಗಾಗಿ ‘ರೇಜ್ ದ ಹೈಟ್’. ಏರು, ಏರಿಸು ಎಂಬಂಥ ಜೋಡಿಯಲ್ಲಿ ‘ಇಸು’ ಕಂಡಲ್ಲಿ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೊಂದು ಕರ್ಮ ಇದ್ದೇ ಇರುತ್ತದೆ. ಮಲಗು, ಮಲಗಿಸು ಎಂಬುದಕ್ಕೆ ‘ಲೈ’, ‘ಲೇ’. ಇಲ್ಲಿ ಒಂದು ಗುಂಡಿ ಇದೆ: ‘ಲೈ’ಯ ಭೂತಕಾಲದ ರೂಪವೂ ‘ಲೇ’ ಎಂದೇ ಇದೆ. ‘ಕೂಸು ತೊಟ್ಟಿಲದಾಗ ಮಲಗಿತ್ತು’ ಎಂಬುದಕ್ಕೆ ‘ದ ಚೈಲ್ಡ್ ಲೇ’, ‘ತಾಯಿ ಮಲಗಿಸಿದಳು’ ಎಂಬುದಕ್ಕೆ ‘ದ ಮದರ್ ಲೇಡ್ ದ ಚೈಲ್ಡ್’. ರೂಪ ಬಾಯಿಪಾಠ ಮಾಡಲೇಬೇಕು, ಭೇದ ಮಾತ್ರ ಕನ್ನಡದಲ್ಲೇ ಇದೆ.

‘ಬೈ’ ಮತ್ತು ‘ಅಂಟಿಲ್’ ಕೂಡ ಹಾಗೆಯೇ. ‘ಸೋಮವಾರದೊಳಗ ಫಾರ್ಮ್ ತುಂಬು’ ಎಂದರೆ ‘ಬೈ ಮಂಡೇ’. ಶನಿವಾರವೇ ತುಂಬಿದರೂ ನಡೆಯುತ್ತದೆ, ಸೋಮವಾರ ದಾಟಬಾರದು ಅಷ್ಟೆ. ‘ಸೋಮವಾರದ ತನಕಾ ಆಫೀಸ್ ತೆರೆದಿರತೈತಿ’ ಎಂದರೆ ‘ಅಂಟಿಲ್ ಮಂಡೇ’. ಆ ದಿನದವರೆಗೂ ಒಂದು ಸ್ಥಿತಿ ಹಾಗೇ ಇರುತ್ತದೆ. ‘ಒಳಗ’ ಬಂದರೆ ‘ಬೈ’, ‘ತನಕಾ’ ಬಂದರೆ ‘ಅಂಟಿಲ್’. ಇದಕ್ಕಿಂತ ಸರಳ ನಿಯಮ ನಾನು ಯಾವ ವ್ಯಾಕರಣ ಪುಸ್ತಕದಲ್ಲೂ ನೋಡಿಲ್ಲ.

‘ಹ್ಯಾಡ್ ಟು ಗೋ’ ಮತ್ತು ‘ಶುಡ್ ಹ್ಯಾವ್ ಗಾನ್’ ಎದುರಿಗೆ ಬಂದಾಗ ಪದವೀಧರರೂ ಕೈಚೆಲ್ಲುತ್ತಾರೆ. ನಮ್ಮ ಮಾತಿನಲ್ಲಿ ಹೇಳಿ ನೋಡಿ. ‘ರಾತ್ರೋರಾತ್ರಿ ಬೆಳಗಾವಿಗೆ ಹೋಗಬೇಕಾತು’ ಎಂದರೆ ಹೋಗಿದ್ದಾನೆ, ಬೇರೆ ದಾರಿ ಇರಲಿಲ್ಲ. ಅದು ‘ಹ್ಯಾಡ್ ಟು ಗೋ’. ‘ಅವತ್ತ ನಾ ಹೋಗಬೇಕಿತ್ತು’ ಎಂದು ನಿಟ್ಟುಸಿರು ಬಿಟ್ಟರೆ ಹೋಗಿಲ್ಲ, ಹಳಹಳಿ ಉಳಿದಿದೆ. ಅದು ‘ಶುಡ್ ಹ್ಯಾವ್ ಗಾನ್’. ‘ಬೇಕಾತು’, ‘ಬೇಕಿತ್ತು’ ನಡುವೆ ಇರುವ ಆ ಸಣ್ಣ ಅಂತರವನ್ನು ಇಂಗ್ಲಿಷ್ ಎರಡು ಬೇರೆ ಬೇರೆ ಪದಗುಚ್ಛಗಳಲ್ಲಿ ಹೇಳುತ್ತದೆ.

‘ವೆರಿ’ ಮತ್ತು ‘ಟೂ’: ಚಹಾ ಭಾಳ ಬಿಸಿ ಇದ್ದರೆ ‘ವೆರಿ ಹಾಟ್’. ಕುಡಿಯಾಕ ಆಗಲಾರದಷ್ಟು ಬಿಸಿ ಇದ್ದರೆ ‘ಟೂ ಹಾಟ್’. ‘ಆಗಲಾರದಷ್ಟು’ ಎಂಬ ತೊಂದರೆ ಇಲ್ಲದ ಕಡೆ ‘ಟೂ’ ಹಾಕಬಾರದು. ಹೊಗಳಲು ಹೋಗಿ ‘ಯುವರ್ ಡಾಟರ್ ಈಸ್ ಟೂ ಇಂಟೆಲಿಜೆಂಟ್’ ಎಂದು ಬರೆದರೆ, ಆ ಜಾಣತನವೇ ಒಂದು ಸಮಸ್ಯೆ ಎಂಬ ಅರ್ಥ ಬರುತ್ತದೆ. ‘ಇಫ್ ಇಟ್ ವಿಲ್ ರೇನ್’ ತಪ್ಪು, ‘ಇಫ್ ಇಟ್ ರೇನ್ಸ್’ ಸರಿ. ‘ಮಳಿ ಬಂದ್ರ’ ಎನ್ನುವಾಗ ನಾವೂ ಭವಿಷ್ಯತ್ತಿನ ರೂಪ ಹಾಕುವುದಿಲ್ಲವಲ್ಲ.

ಒಂದೇ ಪದ, ಹಲವು ಬಾಗಿಲು

ಇನ್ನು ಕನ್ನಡ ದಾರಿ ತಪ್ಪಿಸುವ ಕಡೆಗೆ ಬರೋಣ. ನಮ್ಮ ಒಂದು ಪದದ ಕೆಲಸವನ್ನು ಇಂಗ್ಲಿಷ್ ನಾಲ್ಕೈದು ಪದಗಳಿಗೆ ಹಂಚಿರುವ ಕಡೆಯೇ ಅಪಾಯ ಇರುವುದು. ಮೊದಲ ಹೆಸರು ‘ಹಚ್ಚು’. ಬೆಂಗಳೂರು ಕಡೆಯವರು ಇಷ್ಟೊಂದು ಕೆಲಸಕ್ಕೆ ಈ ಪದವನ್ನು ಬಳಸುವುದಿಲ್ಲ. ನಾವು ಲೈಟ್ ಹಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಬದುವಿನ ಮೇಲೆ ಸಸಿ ಹಚ್ಚುತ್ತೇವೆ, ಆಳುಗಳನ್ನು ಕೆಲಸಕ್ಕೆ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಲೈಟಿಗೆ ‘ಸ್ವಿಚ್ ಆನ್’ ಅಥವಾ ‘ಟರ್ನ್ ಆನ್’, ಒಲೆಗೆ ‘ಲೈಟ್’, ಫೋನಿಗೆ ‘ಕಾಲ್’, ಎಣ್ಣೆಗೆ ‘ಅಪ್ಲೈ’, ಸಸಿಗೆ ‘ಪ್ಲಾಂಟ್’, ಆಳಿಗೆ ‘ಪುಟ್ ಟು ವರ್ಕ್’. ‘ಓಪನ್ ದ ಲೈಟ್’ ಎಂಬುದು ಎಲ್ಲೂ ಸಲ್ಲದು. ಆರಿಸುವಾಗ ಕ್ರಿಯಾಪದವನ್ನು ಒಂಟಿಯಾಗಿ ನೋಡಬೇಡಿ, ಅದರ ಜೊತೆಗಾರನನ್ನು ನೋಡಿ. ಹಚ್ಚುವುದು ಏನನ್ನು ಎಂಬುದೇ ಇಲ್ಲಿ ತೀರ್ಪು ಕೊಡುತ್ತದೆ.

‘ಕೇಳು’ ಇನ್ನೂ ಕಠಿಣ. ಪ್ರಶ್ನೆ ಕೇಳಿದರೆ ‘ಆಸ್ಕ್’. ಉಳಿದದ್ದು ‘ಹಿಯರ್’ ಮತ್ತು ‘ಲಿಸನ್’. ಈ ಎರಡರ ಭೇದ ತಿಳಿಸಲು ನಾನು ಹುಡುಗರನ್ನು ಮನಸ್ಸಿನಲ್ಲೇ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟ ಕೂಡಲೇ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳ ಕೂಗು, ಅದರ ಪ್ರತಿಧ್ವನಿ ನಿಮ್ಮ ಕಿವಿಗೆ ಬೀಳುತ್ತದೆ, ಬೇಕೆಂದರೂ ಬೇಡವೆಂದರೂ. ಅದು ‘ಹಿಯರ್’. ಆಮೇಲೆ ನೀವು ಗೋಡೆಗೆ ಕಿವಿ ಕೊಟ್ಟು, ಉಸಿರು ಬಿಗಿಹಿಡಿದು, ಗುಮ್ಮಟದ ಆ ಬದಿಯಲ್ಲಿ ಗೆಳತಿ ಪಿಸುಗುಟ್ಟುವುದನ್ನು ಹಿಡಿಯಲು ನಿಲ್ಲುತ್ತೀರಿ. ಅದು ‘ಲಿಸನ್’. ಅವಳ ಮಾತು ಕಡೆಗೂ ಕೇಳಿಸಿದರೆ ಮತ್ತೆ ‘ಹಿಯರ್’. ‘ಐ ಲಿಸನ್ಡ್ ಬಟ್ ಐ ಹರ್ಡ್ ನಥಿಂಗ್’ ಎಂಬ ವಾಕ್ಯ ಆ ಗ್ಯಾಲರಿಯಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲೂ ‘ಕೇಳು’, ‘ಕೇಳಿಸು’ ಎಂಬ ಸಣ್ಣ ಗೆರೆ ಇದೆ, ಆದರೆ ದಿನದ ಮಾತಿನಲ್ಲಿ ಅದು ಅಳಿಸಿಹೋಗುತ್ತದೆ. ಏನನ್ನು ಕೇಳಿದ್ದು ಎಂದು ಹೇಳುವಾಗ ‘ಲಿಸನ್’ ಹಿಂದೆಯೇ ‘ಟು’ ಬರುತ್ತದೆ, ‘ಹಿಯರ್’ಗೆ ಅದು ಬೇಡ. ಪರೀಕ್ಷೆಯವರು ಹಿಡಿಯುವುದೂ ಇಲ್ಲಿಯೇ.

‘ನೋಡು’ ಕೂಡ ಹೀಗೇ ಒಡೆಯುತ್ತದೆ. ಕಣ್ಣಿಗೆ ಬಿದ್ದದ್ದು ‘ಸೀ’, ಕಣ್ಣು ಹಾಯಿಸಿದ್ದು ‘ಲುಕ್ ಆಟ್’, ನಡೆಯುತ್ತಿರುವುದನ್ನು ಕೂತು ನೋಡಿದ್ದು ‘ವಾಚ್’. ಮ್ಯಾಚಿಗೆ ‘ವಾಚ್’, ಗೋಡೆಯ ಮೇಲಿನ ನಕ್ಷೆಗೆ ‘ಲುಕ್ ಆಟ್’. ‘ಮಾಡಿ ನೋಡ್ತೀನಿ’ ಎಂಬುದರಲ್ಲಿ ಮಾತ್ರ ಕಣ್ಣಿನ ಸಂಬಂಧವೇ ಇಲ್ಲ. ಅದು ‘ಐ ವಿಲ್ ಟ್ರೈ’.

‘ಕಲಿ’ ಎಂಬುದು ನಮ್ಮ ಸೀಮೆಯ ವಿಶೇಷ ಬಲೆ. ‘ತಮ್ಮ ಎಷ್ಟನೇತ್ತ ಕಲೀತಾನ?’ ಎಂದು ಕೇಳುವ ನಾವು ‘ಹಿ ಈಸ್ ಲರ್ನಿಂಗ್ ಟೆನ್ತ್’ ಎಂದು ಬರೆಯುತ್ತೇವೆ. ಮೈಸೂರು ಕಡೆಯ ಹುಡುಗ ‘ಓದುತ್ತಿದ್ದಾನೆ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ರೀಡಿಂಗ್ ಟೆನ್ತ್’ ಎನ್ನುತ್ತಾನೆ. ಎರಡೂ ಬೇಡ. ‘ಹಿ ಈಸ್ ಇನ್ ಟೆನ್ತ್’ ಸಾಕು, ಕೋರ್ಸಿನ ಹೆಸರು ಹೇಳುವುದಿದ್ದರೆ ‘ಸ್ಟಡಿಯಿಂಗ್’. ಕಲಿತು ಕೈಗೆ ಬರುವ ವಿದ್ಯೆಗೆ ‘ಲರ್ನ್’: ಈಜು, ನೇಯ್ಗೆ, ಡ್ರೈವಿಂಗ್. ‘ನನಗ ಇಂಗ್ಲಿಷ್ ಬರಂಗಿಲ್ಲ’ ಎಂಬಲ್ಲಿನ ‘ಬರು’ವನ್ನು ‘ಕಮ್’ ಮಾಡಬೇಡಿ. ‘ಐ ಡೋಂಟ್ ಸ್ಪೀಕ್ ಇಂಗ್ಲಿಷ್’ ಎನ್ನಿ.

‘ಹೇಳು’ ಎಂಬುದಕ್ಕೆ ‘ಸೇ’, ‘ಟೆಲ್’. ‘ಟೆಲ್’ಗೆ ಹೇಳಿಸಿಕೊಂಡವರು ಬೇಕು. ‘ಹಿ ಟೋಲ್ಡ್ ದ್ಯಾಟ್’ ಎಂದು ನೇರ ಹೋಗಬಾರದು, ‘ಹಿ ಟೋಲ್ಡ್ ಮಿ ದ್ಯಾಟ್’ ಆಗಬೇಕು. ಹೇಳಿಸಿಕೊಂಡವರ ಹೆಸರಿಲ್ಲದಿದ್ದರೆ ‘ಸೆಡ್’.

ಮೊದಲಿಗೆ ಬಂದ ‘ಇಂದ’ವನ್ನೂ ಇಲ್ಲೇ ಮುಗಿಸುತ್ತೇನೆ. ‘ಐದು ವರ್ಷದಿಂದ’, ‘2019ರಿಂದ’ ಎರಡಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷ್ ಎಷ್ಟು ಕಾಲ ಎಂದು ಅಳೆದರೆ ‘ಫಾರ್’, ಯಾವಾಗ ಶುರು ಎಂದು ಬೆರಳಿಟ್ಟರೆ ‘ಸಿನ್ಸ್’ ಎನ್ನುತ್ತದೆ. ರಜೆ ಅರ್ಜಿಯಲ್ಲಿ ನಾವೆಲ್ಲ ಬರೆಯುತ್ತ ಬಂದ ‘ಐ ಆ್ಯಮ್ ಸಫರಿಂಗ್ ಫ್ರಂ ಫೀವರ್ ಸಿನ್ಸ್ ಟೂ ಡೇಸ್’ ಎಂಬುದರಲ್ಲಿ ಕಾಲವೂ ತಪ್ಪು, ಪದವೂ ತಪ್ಪು. ‘ಐ ಹ್ಯಾವ್ ಹ್ಯಾಡ್ ಅ ಫೀವರ್ ಫಾರ್ ಟೂ ಡೇಸ್’ ಎಂದರೆ ಚಿಕ್ಕದೂ ಆಯಿತು, ಸರಿಯೂ ಆಯಿತು.

ಬಂದ, ಬಂದಾನ, ಬಂದಿದ್ದ

ಈ ಮೂರನ್ನು ಬೇರೆಯಾಗಿ ಇಟ್ಟಿದ್ದೇನೆ, ಏಕೆಂದರೆ ಇಲ್ಲಿ ಕನ್ನಡ ಅರ್ಧ ದಾರಿ ಕರೆದುಕೊಂಡು ಹೋಗಿ ಕೈಬಿಡುತ್ತದೆ. ‘ಕಾಕಾ ಬಂದ’ ಎಂದರೆ ‘ಕೇಮ್’. ‘ಕಾಕಾ ಬಂದಾನ’ ಎಂದರೆ ಇನ್ನೂ ಮನೆಯಲ್ಲೇ ಇದ್ದಾನೆ, ‘ಹ್ಯಾಸ್ ಕಮ್’. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ‘ಕಾಕಾ ನಿನ್ನೆ ಬಂದಾನ’ ಎಂದೂ ನಾವು ಹೇಳುತ್ತೇವೆ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ‘ನಿನ್ನೆ’, ‘ಹೋದ ವರ್ಷ’, ‘2014ರಲ್ಲಿ’ ಎಂದು ಮುಗಿದ ಕಾಲದ ಗುರುತು ಬಂದ ಕೂಡಲೇ ‘ಹ್ಯಾಸ್’ ಜಾಗ ಖಾಲಿ ಮಾಡಬೇಕು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ‘ಬಿಜಾಪುರ್ ಹ್ಯಾಸ್ ಬೀನ್ ರಿನೇಮ್ಡ್ ಆ್ಯಸ್ ವಿಜಯಪುರ ಇನ್ 2014’ ಎಂಬ ವಾಕ್ಯ ಕೊಟ್ಟರೆ ಎರಡು ಕಡೆ ಕೈಯಾಡಿಸಬೇಕು: ವರ್ಷ ಬಂದಿದೆ, ಆದ್ದರಿಂದ ‘ವಾಸ್ ರಿನೇಮ್ಡ್’. ‘ಆ್ಯಸ್’ ಇಲ್ಲದೆಯೇ ವಾಕ್ಯ ಚೊಕ್ಕ. ಬೆಳಗಾವಿಯ ಸುವರ್ಣ ವಿಧಾನಸೌಧದ ಬಗ್ಗೆ ಬರೆದರೂ ‘ವಾಸ್ ಇನಾಗರೇಟೆಡ್ ಇನ್ 2012’.

‘ಬಂದಿದ್ದ’ ಇನ್ನೂ ಮೋಸ ಮಾಡುತ್ತದೆ. ‘ನಿನ್ನೆ ಕಾಕಾ ಬಂದಿದ್ದ’ ಎಂದರೆ ನಮಗೆ ಬಂದು ಹೋದ ಎಂದಷ್ಟೇ ಅರ್ಥ. ಅದನ್ನು ‘ಹಿ ಹ್ಯಾಡ್ ಕಮ್ ಯೆಸ್ಟರ್ಡೇ’ ಎಂದು ಬರೆಯುತ್ತೇವೆ. ಒಂದೇ ಘಟನೆಗೆ ‘ಹ್ಯಾಡ್’ ಬೇಡ, ‘ಹಿ ಕೇಮ್ ಯೆಸ್ಟರ್ಡೇ’ ಸಾಕು. ‘ಹ್ಯಾಡ್’ ಬರಬೇಕಾದರೆ ಹಿಂದಿನ ಎರಡು ಘಟನೆಗಳು ಎದುರುಬದುರಾಗಿರಬೇಕು. ‘ನಾ ಸ್ಟ್ಯಾಂಡಿಗೆ ಹೋಗೂದ್ರಾಗ ಬಾಗಲಕೋಟಿ ಬಸ್ ಹೋಗಿತ್ತು’ ಎಂಬಲ್ಲಿ ನಾನು ಮುಟ್ಟಿದ್ದು ಆಮೇಲೆ, ಬಸ್ ಹೋದದ್ದು ಮೊದಲು. ಆ ಮೊದಲಿನದಕ್ಕೆ ‘ಹ್ಯಾಡ್ ಲೆಫ್ಟ್’. ನಾನು ತಿದ್ದಿದ ಅರ್ಜಿಗಳಲ್ಲಿ ಅತಿ ಹೆಚ್ಚು ಸಲ ಕೆಂಪು ಗೆರೆ ಎಳೆದದ್ದು ಈ ಬೇಡದ ‘ಹ್ಯಾಡ್’ಗೇ.

ಬೇಡದ ಬಾಲಗಳು

‘ಡಿಸ್ಕಸ್ ಅಬೌಟ್’, ‘ರೀಚ್ ಟು’, ‘ಮ್ಯಾರಿ ವಿತ್’, ‘ಕಂಪ್ರೈಸ್ ಆಫ್’, ‘ಡಿಸ್ಪೈಟ್ ಆಫ್’, ‘ರಿಟರ್ನ್ ಬ್ಯಾಕ್’, ‘ಕೋಪ್ ಅಪ್ ವಿತ್’. ಕೆಲವು ಬಾಲಗಳು ನಮ್ಮ ವಿಭಕ್ತಿಯಿಂದ ಬಂದವು. ವಿಷಯದ ‘ಬಗ್ಗೆ’ ಚರ್ಚೆ ಎನ್ನುವುದರಿಂದ ‘ಅಬೌಟ್’, ಊರಿ‘ಗೆ’ ಮುಟ್ಟಿದೆ ಎನ್ನುವುದರಿಂದ ‘ಟು’. ‘ಕೋಪ್ ವಿತ್’ನಲ್ಲಿ ‘ವಿತ್’ ಇರಲಿ, ‘ಅಪ್’ ಮಾತ್ರ ತೆಗೆಯಿರಿ. ಉಳಿದವುಗಳ ಬಾಲ ಪೂರ್ತಿ ಕತ್ತರಿಸಿ. ಬಾಲ ಬದಲಾಗಬೇಕಾದವೂ ಇವೆ: ‘ನನ್ನ ಮ್ಯಾಲೆ ಸಿಟ್ಟು’ ಎಂಬುದು ‘ಆ್ಯಂಗ್ರಿ ಆನ್’ ಅಲ್ಲ, ‘ಆ್ಯಂಗ್ರಿ ವಿತ್’. ಲೆಕ್ಕ‘ದಾಗ’ ಹುಷಾರು ಎಂದರೆ ‘ಗುಡ್ ಇನ್’ಗಿಂತ ‘ಗುಡ್ ಆಟ್’. ನಡೆದುಕೊಂಡು ಬಂದರೆ ‘ಬೈ ವಾಕ್’ ಅಲ್ಲ, ‘ಆನ್ ಫುಟ್’.

ನಮ್ಮ ಮಾಲು, ಅವರ ಪದ

ಪರೀಕ್ಷೆ ಬರೆಯದವರಿಗೂ ಪದ ಆರಿಸುವ ಕಷ್ಟ ತಪ್ಪಿದ್ದಲ್ಲ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಪ್ಯಾಕೆಟ್ಟಿನ ಮೇಲೆ ಏನು ಅಚ್ಚು ಹಾಕಿಸಬೇಕೆಂದು ಕೇಳಿದ್ದರು. ‘ಡ್ರೈ ಗ್ರೇಪ್ಸ್’ ಎಂದು ನಮ್ಮಲ್ಲಿ ಎಲ್ಲರೂ ಅನ್ನುತ್ತಾರೆ, ಅರ್ಥವೂ ಆಗುತ್ತದೆ. ಆದರೆ ಒಣದ್ರಾಕ್ಷಿಗೆ ಇಂಗ್ಲಿಷಿನಲ್ಲಿ ತನ್ನದೇ ಪದವಿದೆ, ‘ರೇಜಿನ್’. ಹೊರಗಿನ ಗಿರಾಕಿ ಹುಡುಕುವುದು ಆ ಹೆಸರಿನಿಂದಲೇ. ‘ರೇಜಿನ್ಸ್’ ಎಂದೇ ಹಾಕಿಸಿ ಎಂದೆ.

ನಿಂಬೆಯ ವಿಷಯ ಇನ್ನೂ ಸೂಕ್ಷ್ಮ. ಇಂಡಿ ಸೀಮೆಯ ನಿಂಬೆಗೆ ‘ಇಂಡಿ ಲಿಂಬೆ’ ಎಂಬ ಹೆಸರಿನಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ನಾವು ಇದನ್ನು ‘ಲೆಮನ್’ ಎನ್ನುತ್ತೇವೆ. ಆದರೆ ಸಣ್ಣಗೆ, ದುಂಡಗೆ, ತೆಳು ಸಿಪ್ಪೆಯ ಈ ಹಣ್ಣು ಇಂಗ್ಲಿಷಿನ ‘ಲೈಮ್’. ‘ಲೆಮನ್’ ಎಂದರೆ ಉದ್ದನೆಯ, ದಪ್ಪ ಸಿಪ್ಪೆಯ ಹಳದಿ ಹಣ್ಣು. ಇಲ್ಲಿನ ಸಂತೆಯಲ್ಲಿ ‘ಲೆಮನ್’ ಎಂದರೆ ಯಾವ ನಷ್ಟವೂ ಇಲ್ಲ. ಹೊರದೇಶದವರಿಗೆ ಬರೆಯುವ ಪತ್ರದಲ್ಲಿ ‘ಲೈಮ್’ ಎನ್ನಬೇಕು, ಇಲ್ಲದಿದ್ದರೆ ಅವರ ಕಣ್ಣ ಮುಂದೆ ಬೇರೆಯೇ ಹಣ್ಣು ಬರುತ್ತದೆ.

‘ಮೇಡ್ ಆಫ್’ ಮತ್ತು ‘ಮೇಡ್ ಫ್ರಂ’ ಭೇದಕ್ಕೆ ಇಳಕಲ್ ಮತ್ತು ಬೆಳಗಾವಿಗಿಂತ ಒಳ್ಳೆಯ ಉದಾಹರಣೆ ಬೇಡ. ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿ, ಸೆರಗಿನ ರೇಷ್ಮೆ ಎರಡೂ ಕೈಗೆ ಸಿಗುತ್ತವೆ, ಮುಟ್ಟಿ ಗುರುತಿಸಬಹುದು. ವಸ್ತು ವಸ್ತುವಾಗಿಯೇ ಉಳಿದಿದೆ, ಹಾಗಾಗಿ ‘ಮೇಡ್ ಆಫ್ ಕಾಟನ್ ಆ್ಯಂಡ್ ಸಿಲ್ಕ್’. ಬೆಳಗಾವಿ ಕುಂದಾದಲ್ಲಿ ಹಾಲು ಕುದ್ದು, ಬತ್ತಿ, ಕೆಂಪಗಾಗಿ ತನ್ನ ರೂಪವನ್ನೇ ಬಿಟ್ಟಿದೆ, ಹಾಗಾಗಿ ‘ಮೇಡ್ ಫ್ರಂ ಮಿಲ್ಕ್’. ಸೀರೆಯ ಮಾತು ಬಂದಾಗ ಇನ್ನೊಂದು: ನಮ್ಮ ‘ಅರಿವಿ’ಗೆ ಅಲ್ಲಿ ‘ಕ್ಲಾತ್’ ಬೇರೆ, ‘ಕ್ಲೋತ್ಸ್’ ಬೇರೆ. ಮಗ್ಗದಿಂದ ಇಳಿದದ್ದು, ಕತ್ತರಿಸಿ ಕೊಡುವುದು ‘ಕ್ಲಾತ್’. ಮೈಮೇಲೆ ಹಾಕಿಕೊಳ್ಳುವುದು ‘ಕ್ಲೋತ್ಸ್’.

ಇಲ್ಲಿ ಸರಿ, ಅಲ್ಲಿ ಬೇರೆ

‘ಔಟ್ ಆಫ್ ಸ್ಟೇಷನ್’, ‘ಪ್ರಿಪೋನ್’, ‘ಡು ದ ನೀಡ್‌ಫುಲ್’, ‘ಕಸಿನ್ ಬ್ರದರ್’, ‘ಟುಡೇ ಮಾರ್ನಿಂಗ್’. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ. ಪರೀಕ್ಷೆಯಲ್ಲಿ ‘ಟುಡೇ ಮಾರ್ನಿಂಗ್’ ಎದುರು ‘ದಿಸ್ ಮಾರ್ನಿಂಗ್’ ಬಂದರೆ ಎರಡನೆಯದನ್ನೇ ಆರಿಸಿ. ‘ಕಸಿನ್ ಬ್ರದರ್’ನಲ್ಲಿ ‘ಬ್ರದರ್’ ಬಿಡಿ. ದೊಡ್ಡಪ್ಪನ ಮಗ, ಸೋದರತ್ತೆಯ ಮಗ ಎಂಬ ಭೇದವನ್ನು ಇಂಗ್ಲಿಷ್ ಇಟ್ಟುಕೊಂಡಿಲ್ಲ, ಬೇಕಾದರೆ ಬಿಡಿಸಿ ಹೇಳಬೇಕು. ‘ಪ್ರಿಪೋನ್’ ನಮ್ಮ ದೇಶದಲ್ಲಿ ಚೆನ್ನಾಗಿ ನಡೆಯುತ್ತದೆ, ನನ್ನ ಮಟ್ಟಿಗೆ ಅದು ಒಳ್ಳೆಯ ಪದ. ಹೊರಗಿನವರಿಗೆ ಬರೆಯುವಾಗ ಮಾತ್ರ ‘ಮೂವ್ಡ್ ಅಪ್’ ಅಥವಾ ‘ಬ್ರಾಟ್ ಫಾರ್ವರ್ಡ್’. ತಾಲ್ಲೂಕು ಕಚೇರಿಗೆ ಬರೆದ ಅರ್ಜಿಯ ಕೊನೆಗೆ ‘ಡು ದ ನೀಡ್‌ಫುಲ್’ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಆದರೂ ‘ಪ್ಲೀಸ್ ಇಶ್ಯೂ ದ ಸರ್ಟಿಫಿಕೇಟ್’ ಎಂದು ಏನು ಬೇಕೋ ಅದನ್ನೇ ಬರೆದರೆ ಓದುವ ಗುಮಾಸ್ತರಿಗೂ ಅನುಕೂಲ, ಕಾಯುವ ನಮಗೂ ಅನುಕೂಲ.

‘ಪಾಸ್ಡ್ ಔಟ್’ ಎಂಬುದು ಇಲ್ಲಿನ ಸೈನಿಕ ಶಾಲೆಯ ಹುಡುಗರಿಂದ ಹಿಡಿದು ಎಲ್ಲರ ಬಾಯಲ್ಲಿದೆ. ಸೈನ್ಯದ ತರಬೇತಿ ಮುಗಿಸಿದವರಿಗೆ ಅದು ಸರಿಯಾದ ಪದವೇ. ಉಳಿದವರು ‘ಗ್ರ್ಯಾಜುಯೇಟೆಡ್’ ಎಂದು ಬರೆಯುವುದು ಲೇಸು, ಏಕೆಂದರೆ ‘ಪಾಸ್ಡ್ ಔಟ್’ ಎಂದರೆ ಎಚ್ಚರ ತಪ್ಪಿ ಬಿದ್ದ ಎಂಬ ಅರ್ಥವೂ ಇದೆ.

ಪರೀಕ್ಷೆಯ ಕೋಣೆಯಲ್ಲಿ

ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರ ಪರೀಕ್ಷೆ) ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆ, 50 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಸೈನ್ಯದ ಅಧಿಕಾರಿ ಹುದ್ದೆಗಳ ಸಿಡಿಎಸ್‌ನಲ್ಲಿ ಇಂಗ್ಲಿಷಿಗೆ 120 ಪ್ರಶ್ನೆ, 100 ಅಂಕ, ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯಲ್ಲಿ ಆಯ್ಕೆಗಳು ಐದು, ತಪ್ಪಿಗೆ ಕಾಲು ಅಂಕ. ಲೆಕ್ಕ ಹಾಕಿದರೆ ಕಣ್ಣು ಮುಚ್ಚಿ ಗುರುತು ಹಾಕಿದವರಿಗೆ ಸಿಡಿಎಸ್, ಐಬಿಪಿಎಸ್ ಎರಡರಲ್ಲೂ ಸರಾಸರಿ ಸೊನ್ನೆ. ಆದರೆ ಒಂದೇ ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದು ಹಾಕಿದರೂ ತಕ್ಕಡಿ ನಿಮ್ಮ ಕಡೆ ವಾಲುತ್ತದೆ. ಆ ಒಂದನ್ನು ಹೊಡೆಯಲು ಕನ್ನಡದ ಅಚ್ಚು ಎಲ್ಲಿದೆ ಎಂದು ಹುಡುಕಿ. ಪದಕ್ಕೆ ಪದ ನಮ್ಮ ಮಾತಿನಂತೆಯೇ ಇದ್ದು, ಅದರಲ್ಲಿ ‘ಇಂದ’, ‘ಬಂದಿದ್ದ’, ‘ಬಗ್ಗೆ’ಯಂಥ ಬಲೆಯ ಪದ ಇದ್ದರೆ ಅದನ್ನು ಮೊದಲು ಅನುಮಾನಿಸಿ. ಅಂಥದ್ದೇನೂ ಕಾಣದಿದ್ದರೆ ‘ನೋ ಇಂಪ್ರೂವ್‌ಮೆಂಟ್’ ಎಂಬುದಕ್ಕೆ ಹೆದರಬೇಡಿ, ಅದೂ ಒಂದು ಉತ್ತರವೇ. ಎರಡು ಆಯ್ಕೆ ವ್ಯಾಕರಣದಲ್ಲಿ ಸಮನಾಗಿ ಉಳಿದರೆ ನಾನು ಚಿಕ್ಕದರ ಕಡೆ. ‘ಡ್ಯೂ ಟು ದ ಫ್ಯಾಕ್ಟ್ ದ್ಯಾಟ್’ ಎನ್ನುವುದಕ್ಕಿಂತ ‘ಬಿಕಾಸ್’ ಮೇಲು.

ಯಾವ ನಿಘಂಟು?

ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ‘ಕೇಳು’ ತೆಗೆದರೆ ಪದಗಳ ಸಾಲು ಸಿಗುತ್ತದೆ, ಯಾವುದು ಯಾವಾಗ ಎಂಬುದು ಸಿಗುವುದಿಲ್ಲ. ಅದು ಅಭ್ಯರ್ಥಿಗಳ ಪಟ್ಟಿ ಇದ್ದಂತೆ. ಆರಿಸಲು ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಅದರಲ್ಲಿ ನಾಮಪದದ ಪಕ್ಕ ‘ಸಿ’ ಇದ್ದರೆ ಎಣಿಸಬಹುದು, ‘ಯು’ ಇದ್ದರೆ ಎಣಿಸಲಾಗದು. ‘ಫರ್ನಿಚರ್ಸ್’, ‘ಅಡ್ವೈಸಸ್’, ‘ಇನ್ಫರ್ಮೇಶನ್ಸ್’ ಎಂಬ ತಪ್ಪುಗಳು ಆ ಒಂದು ಅಕ್ಷರ ನೋಡಿದರೆ ನಿಲ್ಲುತ್ತವೆ. ಅರ್ಥ ಓದಿ ಪುಟ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯ ಓದಿ. ಮೊಬೈಲಿನ ಅನುವಾದಕ್ಕೆ ಒಂಟಿ ಪದ ಕೊಡುವ ಬದಲು ಇಡೀ ವಾಕ್ಯ ಕೊಡಿ, ಅದೂ ಪುಸ್ತಕದ ಕನ್ನಡದಲ್ಲಿ.

ಇಂಡಿಯ ಆ ಹುಡುಗಿ ಒಂದು ನೋಟ್‌ಬುಕ್ ಮಾಡಿದ್ದಳು. ಎಡಕ್ಕೆ ನಮ್ಮ ಪದ, ಬಲಕ್ಕೆ ಇಂಗ್ಲಿಷಿನ ಪದಗಳು, ಪ್ರತಿಯೊಂದರ ಪಕ್ಕ ಅದರ ಜೊತೆಗಾರ. ‘ಹಚ್ಚು’ ಎಂಬುದಕ್ಕೇ ಒಂದು ಪುಟ ತುಂಬಿತ್ತು. ಕೊನೆಯ ಸಾಲಿನ ಬಲಬದಿ ಖಾಲಿ ಬಿಟ್ಟು ನನ್ನ ಹತ್ತಿರ ತಂದಳು: ‘ಆಯಿ ನನ್ನ ಭಾಳ ಹಚ್ಚಿಕೊಂಡಾಳ’. ಆಕೆ ಪೆನ್ಸಿಲಿನಲ್ಲಿ ಮೂರು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು: ‘ಲವ್ಸ್’, ‘ಈಸ್ ಫಾಂಡ್ ಆಫ್’, ‘ಈಸ್ ಅಟ್ಯಾಚ್ಡ್ ಟು’. ‘ಫಾಂಡ್ ಆಫ್’ ಹಗುರ, ಅದು ಮಾವಿನಹಣ್ಣಿಗೂ ಸಲ್ಲುತ್ತದೆ. ‘ಲವ್ಸ್’ ತಪ್ಪಲ್ಲ, ಆದರೆ ಅಂಟಿಕೊಂಡ ಆ ಎಳೆ ಅದರಲ್ಲಿ ಕಾಣುವುದಿಲ್ಲ. ಇಬ್ಬರೂ ಕೂಡಿ ‘ಮೈ ಗ್ರ್ಯಾಂಡ್‌ಮದರ್ ಈಸ್ ವೆರಿ ಅಟ್ಯಾಚ್ಡ್ ಟು ಮಿ’ ಎಂದು ಪೆನ್ನಿನಲ್ಲಿ ಬರೆದೆವು.